‘ಗ್ಯಾಸ್ ಹೋಗಿದೆ’ ಎಂದವರಿಗೆ ಹಣ ಎಣಿಸುವ ಮುನ್ನ: ಕರಾವಳಿಯ ಮನೆಯಲ್ಲಿ ಎ.ಸಿ. ಕೆಟ್ಟಾಗ

ಏಪ್ರಿಲ್ ಕೊನೆಯ ವಾರ, ರಾತ್ರಿ ಹನ್ನೊಂದೂವರೆ. ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯ ಎ.ಸಿ. ಮೊದಲು ಟಪ್ ಟಪ್ ಎಂದು ನೀರು ಹನಿಸಿತು, ಆಮೇಲೆ ಬರೀ ಗಾಳಿ ಊದತೊಡಗಿತು. ಅತ್ತೆ ನಿದ್ದೆಗಣ್ಣಿನಲ್ಲೇ ಬಚ್ಚಲಿನಿಂದ ಬಾಲ್ದಿ ತಂದು ಕೆಳಗಿಟ್ಟರು. ಮರುದಿನ ಬಂದ ಮೆಕ್ಯಾನಿಕ್ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ‘ಗ್ಯಾಸ್ ಹೋಗಿದೆ ಅಕ್ಕಾ’ ಎಂದ. ಯಂತ್ರದ ಮುಚ್ಚಳವನ್ನು ಅವನಿನ್ನೂ ಮುಟ್ಟಿರಲಿಲ್ಲ. ಗ್ಯಾಸ್ ತುಂಬಿಸಿಕೊಂಡು ಮೂರು ಸಾವಿರ ಚಿಲ್ಲರೆ ಕೊಟ್ಟೆವು. ಹತ್ತೊಂಬತ್ತನೆಯ ದಿನ ಬಾಲ್ದಿ ಮತ್ತೆ ಅದೇ ಜಾಗಕ್ಕೆ ಬಂತು.

ಎರಡನೆಯ ಸಲ ಅಂಕೋಲೆಯಿಂದ ಬಂದ ಹುಡುಗ ಹೆಚ್ಚು ಮಾತಾಡಲಿಲ್ಲ. ಮುಂದಿನ ಮುಚ್ಚಳ ಎತ್ತಿ, ಫಿಲ್ಟರ್ ಎಳೆದು ಕಿಟಕಿಯ ಬೆಳಕಿಗೆ ಹಿಡಿದ. ಬೆಳಕು ದಾಟಲಿಲ್ಲ. ಅಂಗಳಕ್ಕೆ ಹೋಗಿ ನೀರಿನ ಪೈಪಿನ ತುದಿಗೆ ಸೈಕಲ್ ಪಂಪು ಸಿಕ್ಕಿಸಿ ನಾಲ್ಕು ಸಲ ಒತ್ತಿದ. ಬೆರಳುದ್ದದ ಕಪ್ಪು ಲೋಳೆಯೊಂದು ಉಂಬಳದ ಹಾಗೆ ಜಾರಿ ಕೆಳಗೆ ಬಿತ್ತು. ‘ಗ್ಯಾಸಿಗೆ ಏನೂ ಆಗಿಲ್ಲ ಅಕ್ಕಾ, ಇದಕ್ಕೆ ಉಸಿರು ಕಟ್ಟಿತ್ತು’ ಎಂದ. ಮೊದಲನೆಯವನು ಬಂದ ದಿನ ಯಂತ್ರ ಅರ್ಧ ದಿನ ಆರಿತ್ತಲ್ಲ, ಆಗ ಒಳಗೆ ಕಟ್ಟಿದ್ದ ಮಂಜು ತನ್ನಷ್ಟಕ್ಕೆ ಕರಗಿ ತಂಪು ಮರಳಿತ್ತು. ಹೆಸರು ಮಾತ್ರ ಸಿಲಿಂಡರಿಗೆ ಬಂತು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕ್ರಮವಿದೆ. ಬಿಟ್ಟಿಯಾಗಿ ನೋಡಬಹುದಾದದ್ದು ಮೊದಲು, ನೂರು ರೂಪಾಯಿಯ ಬಾಬತ್ತು ಆಮೇಲೆ, ಸಾವಿರದ್ದು ಕಟ್ಟಕಡೆಗೆ. ಕೆಳಗೆ ಬರೆದಿರುವುದು ಅದೇ ಕ್ರಮ. ಗೋಡೆಗೆ ಹಾಕುವ ಸ್ಪ್ಲಿಟ್ ಎ.ಸಿ.ಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ, ಕಿಟಕಿ ಎ.ಸಿ.ಗೂ ಬಹುಪಾಲು ಹೊಂದುತ್ತದೆ.

ಯಂತ್ರ ಮಾಡುವ ಕೆಲಸವೇನು

ಎ.ಸಿ. ತಂಪನ್ನು ಹುಟ್ಟಿಸುವುದಿಲ್ಲ, ಕೋಣೆಯ ಸೆಕೆಯನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಒಳಗಿನ ಯುನಿಟ್‌ನ ತಾಮ್ರದ ಸುರುಳಿಯೊಳಗೆ ಗ್ಯಾಸು ಆವಿಯಾಗುತ್ತಾ ಕೋಣೆಯ ಶಾಖ ಹೀರುತ್ತದೆ. ಹೊರಗಿನ ಯುನಿಟ್‌ನ ಕಂಪ್ರೆಸರ್ ಅದನ್ನು ಒತ್ತಿ ಬಿಸಿಮಾಡಿ ಹೊರಸುರುಳಿಗೆ ಕಳಿಸುತ್ತದೆ. ಅಲ್ಲಿ ಫ್ಯಾನ್ ಗಾಳಿಗೆ ಶಾಖ ಬಿಟ್ಟು ದ್ರವವಾಗಿ ಮತ್ತೆ ಒಳಗೆ ಬರುತ್ತದೆ. ಅದೇ ಗ್ಯಾಸು ಸುತ್ತುತ್ತಲೇ ಇರುತ್ತದೆ. ಸ್ಕೂಟರಿನ ಪೆಟ್ರೋಲಿನ ಹಾಗೆ ಸುಟ್ಟು ಮುಗಿಯುವ ವಸ್ತು ಅದಲ್ಲ. ಇದೊಂದು ಗೊತ್ತಿದ್ದರೆ ‘ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು’ ಎನ್ನುವವರನ್ನು ಗೇಟಿನಿಂದಲೇ ಕಳಿಸಬಹುದು. ಗ್ಯಾಸು ಕಡಿಮೆಯಾಗಿದ್ದರೆ ಎಲ್ಲೋ ತೂತಿದೆ. ತೂತು ಮುಚ್ಚದೆ ತುಂಬಿಸುವುದು ಒಡೆದ ಕೊಡಕ್ಕೆ ನೀರು ಹೊಯ್ದಂತೆ.

ನಮ್ಮ ಕಡೆ ಯಂತ್ರಕ್ಕೆ ಇನ್ನೊಂದು ಹೆಚ್ಚುವರಿ ಚಾಕರಿಯಿದೆ: ಗಾಳಿಯನ್ನು ಹಿಂಡಿ ನೀರು ತೆಗೆಯುವುದು. ಮೇ ತಿಂಗಳ ಸೆಕೆಯಲ್ಲಿ ಒಂದೂವರೆ ಟನ್ನಿನ ಎ.ಸಿ. ತಾಸಿಗೆ ಒಂದೆರಡು ಲೀಟರ್ ನೀರು ಸುರಿಸುವುದು ಸಹಜ. ಹುಬ್ಬಳ್ಳಿ ಧಾರವಾಡದ ಒಣ ಬೇಸಿಗೆಯಲ್ಲಿ ಇಷ್ಟು ನೀರು ಬರುವುದಿಲ್ಲ. ಹಾಗಾಗಿ ಅಲ್ಲಿಯ ನೆಂಟರು ಫೋನಿನಲ್ಲಿ ಕೊಡುವ ಸಲಹೆಯನ್ನು ಪೂರ್ತಿ ನೆಚ್ಚಬೇಡಿ.

ಮೊದಲ ಹೆಜ್ಜೆ: ಆರಿಸಿ, ಮೂಸಿ, ಆಲಿಸಿ

ಸುಟ್ಟ ವಾಸನೆ ಬಂದರೆ, ಪ್ಲಗ್ ಬಿಸಿಯಾಗಿದ್ದರೆ, ಎಂ.ಸಿ.ಬಿ. (ಕರೆಂಟು ಮಿತಿಮೀರಿದರೆ ತಾನೇ ಬೀಳುವ ಸ್ವಿಚ್) ಬಿದ್ದಿದ್ದರೆ ಮುಂದಿನ ಯಾವ ಪ್ರಯೋಗವೂ ಬೇಡ. ರಿಮೋಟಿನಲ್ಲಿ ಆರಿಸಿದರೆ ಸಾಲದು, ಎಂ.ಸಿ.ಬಿ.ಯನ್ನೇ ಕೆಳಗೆ ಮಾಡಿ. ಬಿದ್ದ ಎಂ.ಸಿ.ಬಿ.ಯನ್ನು ಒಂದು ಸಲ ಎತ್ತಿ ನೋಡಬಹುದು. ಮತ್ತೆ ಬಿದ್ದರೆ ಅದು ನಿಮಗೆ ಏನೋ ಹೇಳುತ್ತಿದೆ. ಕಡ್ಡಿ ಸಿಕ್ಕಿಸಿ ನಿಲ್ಲಿಸುವುದು, ದೊಡ್ಡ ಆಂಪಿಯರಿನದು ತಂದು ಹಾಕುವುದು ಎರಡೂ ಬೆಂಕಿಗೆ ಕೊಟ್ಟ ಆಮಂತ್ರಣ. ವಿದ್ಯುತ್ ನಿಲ್ಲಿಸಿದ ಮೇಲೆ ಪ್ಲಗ್ಗನ್ನು ಹೊರತೆಗೆದು ಪಿನ್ನುಗಳನ್ನು ನೋಡಿ. ಉಪ್ಪುಗಾಳಿಗೆ ಹಿತ್ತಾಳೆಯ ಪಿನ್ನಿಗೆ ಹಸಿರು ಕಿಲುಬು ಹಿಡಿಯುತ್ತದೆ, ಕಿಲುಬು ಹಿಡಿದಲ್ಲಿ ಸಂಪರ್ಕ ಸಡಿಲವಾಗಿ ಬಿಸಿಯೇರಿ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗುತ್ತದೆ. ಹಾಗಿದ್ದರೆ ಮೊದಲು ಬರಬೇಕಾದವನು ಎ.ಸಿ.ಯವನಲ್ಲ, ಎಲೆಕ್ಟ್ರಿಷಿಯನ್.

ವಾಸನೆ ಗೀಸನೆ ಏನೂ ಇಲ್ಲದಿದ್ದರೆ ಒಂದು ಚೀಟಿಯಲ್ಲಿ ಲಕ್ಷಣ ಬರೆದುಕೊಳ್ಳಿ. ಯಂತ್ರ ಹೊತ್ತಿಕೊಳ್ಳುತ್ತಲೇ ಇಲ್ಲವೋ, ಗಾಳಿ ಬರುತ್ತದೆ ತಂಪಿಲ್ಲವೋ, ಸ್ವಲ್ಪ ಹೊತ್ತು ತಂಪಾಗಿ ನಿಲ್ಲುತ್ತದೋ, ನೀರು ಒಳಗೆ ಸುರಿಯುತ್ತದೋ, ದೀಪ ಮಿನುಗುತ್ತದೋ. ಮಿನುಗಿದರೆ ಎಷ್ಟು ಸಲ ಮಿನುಗಿ ನಿಲ್ಲುತ್ತದೆ ಎಂದು ಎಣಿಸಿ, ಪರದೆಯಲ್ಲಿ ಅಕ್ಷರ ಬಂದರೆ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಆ ಸಂಕೇತದ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ, ಕೈಪಿಡಿಯ ಕೊನೆಯ ಪುಟಗಳಲ್ಲಿ ಪಟ್ಟಿ ಇರುತ್ತದೆ. ಯಂತ್ರದ ಜೊತೆ ಬಂದ ಆ ಪುಸ್ತಕವನ್ನು ಹಳೆಯ ಪೇಪರಿನೊಟ್ಟಿಗೆ ತೂಕಕ್ಕೆ ಹಾಕಿದ್ದರೆ ಈಗ ಮರುಗಬಹುದು.

ಎರಡನೆಯದು: ರಿಮೋಟು, ವೋಲ್ಟೇಜು

ನಗಬೇಡಿ, ಕುಮಟೆಯ ನನ್ನ ಅಕ್ಕನ ಮನೆಯಲ್ಲಿ ‘ಕೆಟ್ಟ’ ಎ.ಸಿ. ನೋಡಲು ಹೋದಾಗ ಮೊಮ್ಮಗ ರಿಮೋಟಿನಲ್ಲಿ ಬರೀ ಫ್ಯಾನಿನ ಚಿಹ್ನೆಗೆ ಹಾಕಿಟ್ಟಿದ್ದ. ತಂಪಿಗೆ ಹಿಮದ ಹರಳಿನ ಚಿಹ್ನೆ ಇರಬೇಕು, ನೀರಿನ ಹನಿಯ ಚಿಹ್ನೆ ಇದ್ದರೆ ಅದು ತೇವ ತೆಗೆಯುವ ಕ್ರಮ. ರಿಮೋಟು ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯಲು ಅದರ ಮೂತಿಯನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾಕ್ಕೆ ಹಿಡಿದು ಬಟನ್ ಒತ್ತಿ. ಕಣ್ಣಿಗೆ ಕಾಣದ ಕಿರಣ ಹೆಚ್ಚಿನ ಕ್ಯಾಮೆರಾಗಳಲ್ಲಿ ನೇರಳೆ ಮಿಣುಕಾಗಿ ಕಾಣುತ್ತದೆ. ಕಾಣದಿದ್ದರೆ ಸೆಲ್ ಬದಲಿಸಿ, ಸ್ಪ್ರಿಂಗಿನ ಕಿಲುಬು ಕೆರೆದು ತೆಗೆಯಿರಿ.

24 ಡಿಗ್ರಿಗೆ ನಿಂತಿದೆ, ಯಂತ್ರ ದುರ್ಬಲವಾಗಿದೆ ಎಂದುಕೊಳ್ಳಬೇಡಿ. ದೇಶದಲ್ಲಿ ಮಾರುವ ಸ್ಟಾರ್ ಲೇಬಲ್‌ನ ಎ.ಸಿ.ಗಳು ಹೊತ್ತಿಸಿದಾಗ 24ರಲ್ಲಿಯೇ ಶುರುವಾಗಬೇಕೆಂಬ ನಿಯಮ 2020ರ ಜನವರಿಯಿಂದ ಇದೆ. ಬೇಕೆಂದರೆ ಇಳಿಸಿಕೊಳ್ಳಬಹುದು. ಆದರೆ 16ಕ್ಕೆ ಇಳಿಸಿದರೆ ಕೋಣೆ ಬೇಗ ತಂಪಾಗುತ್ತದೆ ಎನ್ನುವುದು ತಪ್ಪು, ಕಂಪ್ರೆಸರ್ ನಿಲ್ಲದೆ ದುಡಿಯುತ್ತದೆ ಅಷ್ಟೇ.

ಇನ್ನು ವೋಲ್ಟೇಜು. ಮನೆಗೆ ಬರಬೇಕಾದದ್ದು 230 ವೋಲ್ಟ್. ಸಂಜೆ ಏಳರಿಂದ ಹತ್ತರವರೆಗೆ ಓಣಿಯ ಎಲ್ಲ ಎ.ಸಿ.ಗಳೂ ಒಟ್ಟಿಗೆ ಎದ್ದಾಗ ಅದು ಕುಸಿಯುವುದುಂಟು. ಸ್ಟೆಬಿಲೈಸರಿನ ಅಂಕಿ ನೋಡಿ. 180ರ ಆಸುಪಾಸಿಗೆ ಇಳಿದರೆ ಹಳೆಯ ಮಾದರಿಯ ಕಂಪ್ರೆಸರ್ ‘ಗುಂಯ್’ ಎಂದು ಮುಲುಕಿ, ‘ಟಕ್’ ಎಂದು ಸುಮ್ಮನಾಗುತ್ತದೆ. ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಅದೇ ಆಟ. ಇದು ಯಂತ್ರದ ರೋಗವಲ್ಲ. ರಾತ್ರಿ ಹನ್ನೆರಡರ ಮೇಲೆ ತಾನೇ ಸರಿಯಾದರೆ ಕಾರಣ ಖಚಿತ. ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಕರೆಂಟು ಹೋಗಿ ಬಂದ ತಕ್ಷಣ ತಂಪು ಬರಲಿಲ್ಲವೆಂದೂ ಗಾಬರಿ ಬೇಡ, ಕಂಪ್ರೆಸರಿನ ರಕ್ಷಣೆಗಾಗಿ ಮೂರು ನಿಮಿಷದಷ್ಟು ಕಾಯುವ ವ್ಯವಸ್ಥೆ ಯಂತ್ರದೊಳಗೇ ಇದೆ.

ಮೂರನೆಯದು: ಫಿಲ್ಟರ್

ಎಂ.ಸಿ.ಬಿ. ಆರಿಸಿ, ಒಳಗಿನ ಯುನಿಟ್‌ನ ಮುಚ್ಚಳವನ್ನು ಎರಡೂ ಬದಿಯಿಂದ ಹಿಡಿದು ಮೇಲೆತ್ತಿ. ಬಲೆಯಂಥ ಫಿಲ್ಟರನ್ನು ಸ್ವಲ್ಪ ಮೇಲೆ ನೂಕಿ ಕೆಳಗೆ ಎಳೆದರೆ ಬರುತ್ತದೆ. ನಲ್ಲಿಯ ನೀರನ್ನು ಹಿಂಬದಿಯಿಂದ ಬಿಡಿ, ಧೂಳು ಕುಳಿತ ಬದಿಯಿಂದ ಬಿಟ್ಟರೆ ಅದು ಬಲೆಯೊಳಗೆ ಇನ್ನಷ್ಟು ಕೂರುತ್ತದೆ. ಮೀನು ಹುರಿದ ಹೊಗೆ, ಸೊಳ್ಳೆಬತ್ತಿ, ಅಗರಬತ್ತಿ ಸೇರಿ ಜಿಡ್ಡಾಗಿದ್ದರೆ ಪಾತ್ರೆ ತೊಳೆಯುವ ಸೋಪಿನ ತೆಳು ನೀರು ಸಾಕು. ನೆರಳಿನಲ್ಲಿ ಒಣಗಿಸಿ; ಬಿಸಿಲಿಗೆ ಚೌಕಟ್ಟು ಸೊಟ್ಟಗಾಗುತ್ತದೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಇಷ್ಟು ಮಾಡಿದರೆ ಮೆಕ್ಯಾನಿಕ್ ಬರುವ ಸಂದರ್ಭಗಳಲ್ಲಿ ಅರ್ಧ ಹುಟ್ಟುವುದೇ ಇಲ್ಲ.

ಫಿಲ್ಟರ್ ತೆಗೆದಾಗ ಹಿಂದೆ ಕಾಣುವ ಅಲ್ಯೂಮಿನಿಯಂ ಎಸಳುಗಳ ಮೇಲೆ ಟಾರ್ಚು ಬಿಡಿ. ಕಪ್ಪು ಚುಕ್ಕೆ, ಹುಳಿವಾಸನೆ ಇದ್ದರೆ ಅದು ಬೂಷ್ಟು. ಮೆತ್ತನೆಯ ಬ್ರಷ್ಷನ್ನು ಎಸಳಿನ ಗುಂಟ, ಮೇಲಿನಿಂದ ಕೆಳಕ್ಕೆ ಮಾತ್ರ ಎಳೆಯಿರಿ. ಅಡ್ಡ ಎಳೆದರೆ ಎಸಳು ಮಡಚಿ ಗಾಳಿ ಹೋಗುವ ದಾರಿ ಮುಚ್ಚುತ್ತದೆ. ಒಳಗಿನ ಉರುಳೆ ಫ್ಯಾನಿಗೂ ಬೂಷ್ಟು ಹತ್ತಿದ್ದರೆ ಚೀಲ ಕಟ್ಟಿ ನೀರು ಚಿಮ್ಮಿಸಿ ತೊಳೆಯುವವರನ್ನು ಕರೆಯಿರಿ. ಬದಿಯಲ್ಲೇ ಸರ್ಕಿಟ್ ಬೋರ್ಡ್ ಇರುತ್ತದೆ, ಮನೆಯ ಪೈಪಿನಿಂದ ನೀರು ಹೊಡೆದು ನೂರರ ಕೆಲಸವನ್ನು ಸಾವಿರಗಳಿಗೆ ಏರಿಸಿಕೊಂಡವರನ್ನು ಕಂಡಿದ್ದೇನೆ.

ನಾಲ್ಕನೆಯದು: ಒಳಗೆ ಸುರಿಯುವ ನೀರು, ಕಟ್ಟುವ ಮಂಜು

ಕರಾವಳಿಯ ಮನೆಗಳಲ್ಲಿ ನಾನು ಕಂಡ ತೊಂದರೆಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಸುರುಳಿಯ ಮೇಲೆ ಬೆವರಿದ ನೀರು ಕೆಳಗಿನ ತಟ್ಟೆಗೆ ಬಿದ್ದು ಪೈಪಿನಿಂದ ಹೊರಗೆ ಹೋಗಬೇಕು. ಅದನ್ನು ತಳ್ಳಲು ಮೋಟಾರ್ ಇಲ್ಲ, ಇಳಿಜಾರೇ ಗತಿ. ಆ ತಟ್ಟೆಯಲ್ಲಿ ವರ್ಷವಿಡೀ ತೇವ, ಕತ್ತಲೆ, ಧೂಳು. ಹಾವಸೆಗೆ ಇದಕ್ಕಿಂತ ಒಳ್ಳೆಯ ಗದ್ದೆ ಬೇಕೇ?

ಮೊದಲು ಹೊರಗಿನ ತುದಿ ನೋಡಿ. ಎ.ಸಿ. ಅರ್ಧ ತಾಸು ಓಡಿದರೂ ಅಲ್ಲಿ ನೀರು ಬೀಳದೆ ಒಳಗೆ ಹನಿಯುತ್ತಿದ್ದರೆ ಪೈಪು ಕಟ್ಟಿದೆ. ಗಿಡಕ್ಕೆ ಆಗಲಿ ಎಂದು ಪೈಪಿನ ತುದಿಯನ್ನು ಬಾಲ್ದಿಯೊಳಗೆ ಇಳಿಬಿಟ್ಟಿದ್ದೀರಾ? ನೀರು ಏರಿ ತುದಿ ಮುಳುಗಿದರೆ ಒಳಗಿನ ಗಾಳಿ ಸಿಕ್ಕಿಕೊಂಡು ಹರಿವು ನಿಲ್ಲುತ್ತದೆ. ತುದಿ ಯಾವಾಗಲೂ ನೀರಿನಿಂದ ಗೇಣು ಮೇಲಿರಲಿ. ಪೈಪು ನಡುವೆ ಎಲ್ಲಾದರೂ ಹೊಟ್ಟೆ ಬಿಟ್ಟು ಜೋತಿದ್ದರೆ ಅಲ್ಲಿ ನೀರು ಮಡುಗಟ್ಟುತ್ತದೆ, ಕ್ಲಿಪ್ಪು ಹೊಡೆದು ನೇರ ಮಾಡಿ. ಇರುವೆ, ಕಣಜ ಗೂಡು ಕಟ್ಟಿವೆಯೇ ಎಂದೂ ಇಣುಕಿ.

ಆಮೇಲೆ ಕಟ್ಟು ಬಿಡಿಸುವುದು. ಯಂತ್ರ ಆರಿಸಿ, ಹೊರತುದಿಯಿಂದ ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ಕೊಡಿ. ಜೋರಾಗಿ ಒತ್ತಿದರೆ ಒಳಗಿನ ಜೋಡಣೆ ಕಳಚಿ ಗೋಡೆಯೊಳಗೇ ನೀರು ಇಳಿಯುತ್ತದೆ, ಚಿರೆಕಲ್ಲಿನ ಗೋಡೆಯಾದರಂತೂ ಅದು ಬಣ್ಣ ಉಬ್ಬಿದ ಮೇಲೆಯೇ ಗೊತ್ತಾಗುವುದು. ನೀರೆಳೆಯುವ ವ್ಯಾಕ್ಯೂಮ್ ಯಂತ್ರವಿದ್ದರೆ ಹೊರತುದಿಯಿಂದ ಎಳೆಯುವುದು ಇನ್ನೂ ಒಳ್ಳೆಯದು. ಲೋಳೆ ಬಿದ್ದ ಬಳಿಕ ಒಳಗಿನ ತಟ್ಟೆಗೆ ಒಂದು ಲೋಟ ಉಗುರುಬೆಚ್ಚಗಿನ ನೀರು ನಿಧಾನವಾಗಿ ಹೊಯ್ದು ಹೊರಗೆ ಬರುತ್ತದೆಯೇ ನೋಡಿ. ಬಚ್ಚಲು ತೊಳೆಯುವ ಆಸಿಡ್ ಖಂಡಿತ ಬೇಡ, ತಾಮ್ರ ಮತ್ತು ಅಲ್ಯೂಮಿನಿಯಂ ಎರಡನ್ನೂ ಅದು ತಿನ್ನುತ್ತದೆ. ಇಷ್ಟಾದರೂ ಒಳಗೆ ಹನಿದರೆ ಯುನಿಟ್ ಗೋಡೆಯಲ್ಲಿ ಓರೆಯಾಗಿದೆಯೇ ನೋಡಿ; ಪೈಪು ಇರುವ ಬದಿ ಒಂದು ನೂಲು ತಗ್ಗಿರಬೇಕು.

ಸುರುಳಿಯ ಮೇಲೆ ಬಿಳಿ ಮಂಜು ಕಟ್ಟಿದ್ದರೆ ಚಾಕು, ಸ್ಕ್ರೂಡ್ರೈವರ್ ಹಿಡಿದು ಕೆರೆಯಬೇಡಿ. ಒಂದೇ ಒಂದು ಗೀರು ಸಾಕು, ಆಗ ಗ್ಯಾಸು ನಿಜವಾಗಿಯೂ ಹೋಗುತ್ತದೆ. ರಿಮೋಟಿನಲ್ಲಿ ಬರೀ ಫ್ಯಾನಿಗೆ ಹಾಕಿ ಎರಡು ಮೂರು ತಾಸು ಬಿಡಿ, ಕೆಳಗೆ ಹಳೆಯ ಪಂಚೆ ಹಾಸಿಡಿ. ಮಂಜು ಕಟ್ಟಲು ಸಾಮಾನ್ಯವಾಗಿ ಎರಡು ಕಾರಣ: ಗಾಳಿ ಸಾಲದಿರುವುದು ಅಥವಾ ಗ್ಯಾಸು ಸಾಲದಿರುವುದು. ಫಿಲ್ಟರ್ ತೊಳೆದು, ಸುರುಳಿ ಸ್ವಚ್ಛ ಮಾಡಿ, ಫ್ಯಾನಿನ ವೇಗ ಏರಿಸಿ ಓಡಿಸಿದ ಮೇಲೂ ಮಂಜು ಮರಳಿ ಕಟ್ಟಿದರೆ ಮಾತ್ರ ಎರಡನೆಯ ಕಾರಣದ ಕಡೆ ತಿರುಗಿ.

ಐದನೆಯದು: ಹೊರಗಿನ ಯುನಿಟ್, ಕೈಕಟ್ಟಿ ನೋಡುವುದು

ಇಲ್ಲಿ ನೋಡಬಹುದು, ಕೇಳಬಹುದು, ಸುತ್ತಲಿನ ಕಸ ತೆಗೆಯಬಹುದು. ಮುಚ್ಚಳ ತೆಗೆಯಬಾರದು. ಕಂಪ್ರೆಸರಿಗೆ ಚಾಲನೆ ಕೊಡುವ ಒಳಗಿನ ಕೆಪಾಸಿಟರ್ ಕರೆಂಟು ಆರಿಸಿದ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ. ಕಂಪ್ರೆಸರಿನ ವೇಗ ಏರಿಳಿಯುವ ಇನ್ವರ್ಟರ್ ಮಾದರಿಯ ಬೋರ್ಡಿನಲ್ಲಿ 300 ವೋಲ್ಟಿಗೂ ಮೇಲೆ ಇರಬಹುದು. ಎರಡನೆಯ ಮಹಡಿಯ ಸಜ್ಜಾದ ಮೇಲೆ ಹತ್ತಿ ನಿಂತು ನೋಡುವ ಸಾಹಸವೂ ಬೇಡ. ಸಜ್ಜಾ ಹಳೆಯದು, ಹಾವಸೆ ಹೊಸದು.

ಎ.ಸಿ. ಹೊತ್ತಿಸಿ ಐದು ನಿಮಿಷ ಬಿಟ್ಟು ಕೆಳಗಿನಿಂದ ಗಮನಿಸಿ. ಫ್ಯಾನ್ ತಿರುಗುತ್ತಿದೆ, ಆದರೆ ಬಿಸಿಗಾಳಿ ಬರುತ್ತಿಲ್ಲ, ಕಂಪ್ರೆಸರಿನ ಗಟ್ಟಿ ಗುಂಯ್‌ಗುಡುವಿಕೆ ಇಲ್ಲ ಎಂದಾದರೆ ಕೆಪಾಸಿಟರ್ ಸತ್ತಿರಬಹುದು. ಹಳೆಯ ಮಾದರಿಗಳಲ್ಲಿ ಇದು ತೀರಾ ಸಾಮಾನ್ಯ, ಕೆಲವು ನೂರು ರೂಪಾಯಿಯ ಬಿಡಿಭಾಗ. ಅದರ ಡಬ್ಬದ ತಲೆ ಹೆಚ್ಚಾಗಿ ಉಬ್ಬಿರುತ್ತದೆ, ಮೆಕ್ಯಾನಿಕ್ ತೆಗೆದಾಗ ನಿಮ್ಮ ಕಣ್ಣಿಗೇ ತೋರಿಸಲಿ. ಹೊಸದರ ಮೇಲೆ ಬರೆದ ಮೈಕ್ರೋಫ್ಯಾರಡ್ ಸಂಖ್ಯೆ ಹಳೆಯದರದೇ ಇರಬೇಕು. ಫ್ಯಾನೂ ಇಲ್ಲ, ಕಂಪ್ರೆಸರೂ ಇಲ್ಲ ಎಂದರೆ ಒಳಗಿನಿಂದ ಆದೇಶವೇ ಹೋಗುತ್ತಿಲ್ಲ ಅಥವಾ ಬೋರ್ಡು ಹೋಗಿದೆ. ಬೋರ್ಡಿನ ಬಿಸಿಗೆ ಬಂದು ಎರಡು ತಂತಿಗಳ ನಡುವೆ ಮಲಗಿ ತಾನೂ ಸತ್ತು ಯಂತ್ರವನ್ನೂ ಕೊಲ್ಲುವ ಹಲ್ಲಿ ನಮ್ಮ ಕಡೆ ಅಪರೂಪವಲ್ಲ.

ಉಪ್ಪಿನ ಕತೆ ಸ್ವಲ್ಪ ವಿವರವಾಗಿ ಹೇಳಬೇಕು. ತಾಮ್ರದ ಕೊಳವೆಗೆ ಅಲ್ಯೂಮಿನಿಯಂ ಎಸಳು ತಾಗಿಕೊಂಡಿದೆ. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಅದು ಪುಟ್ಟ ಬ್ಯಾಟರಿಯಾಗುತ್ತದೆ, ಸವೆಯುವುದು ಅಲ್ಯೂಮಿನಿಯಂ. ಟಾಗೋರ್ ಕಡಲತೀರದ ಹತ್ತಿರದ ಮನೆಗಳಲ್ಲಿ ಹೊರಗಿನ ಯುನಿಟ್‌ನ ಹಿಂಬದಿ ನೋಡಿ: ಎಸಳುಗಳ ಮೇಲೆ ಬಿಳಿ ಹುಡಿ, ಬೆರಳು ತಾಗಿಸಿದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಎಸಳು ಹೋದರೆ ಶಾಖ ಹೊರಗೆ ಹೋಗುವುದಿಲ್ಲ, ಗ್ಯಾಸು ತುಂಬಿ ತುಳುಕಿದರೂ ಕೋಣೆ ತಂಪಾಗುವುದಿಲ್ಲ. ಇದಕ್ಕೆ ಔಷಧ ಸಿಹಿನೀರು. ನೆಲದಿಂದ ಕೈಗೆಟಕುವ ಯುನಿಟ್ ಆದರೆ ಎಂ.ಸಿ.ಬಿ. ಆರಿಸಿ, ಹೂಗಿಡಕ್ಕೆ ಹಾಕುವಂತೆ ಮೆಲ್ಲನೆಯ ಧಾರೆಯಲ್ಲಿ ತಿಂಗಳಿಗೊಮ್ಮೆ ಹಿಂಬದಿಯ ಎಸಳುಗಳನ್ನು ತೊಳೆಯಿರಿ. ಉಪ್ಪುಪ್ಪಾದ ಬಾವಿ ನೀರು ಬಳಸಿದರೆ ಮಾಡಿದ ಕೆಲಸಕ್ಕೆ ಅರ್ಥವಿಲ್ಲ. ತೂಗು ಹಾಕಿದ ಕಬ್ಬಿಣದ ಸ್ಟ್ಯಾಂಡಿನ ಬೋಲ್ಟುಗಳನ್ನೂ ನೋಡಿ, ತುಕ್ಕು ಪದರ ಪದರವಾಗಿ ಏಳುತ್ತಿದ್ದರೆ ತಂಪಿನ ಯೋಚನೆಗಿಂತ ಕೆಳಗೆ ಓಡಾಡುವವರ ತಲೆಯ ಯೋಚನೆ ಮೊದಲು. ಯುನಿಟ್ ತೆಂಗಿನ ಮರದ ನೇರ ಕೆಳಗಿದ್ದರೆ ಹೇಳುವುದೇ ಬೇಡ. ಮಡಲು ಬಿದ್ದು ಗಾಳಿ ಕಟ್ಟಿದ್ದನ್ನು ‘ಕಂಪ್ರೆಸರ್ ಹೋಗಿದೆ’ ಎಂದು ಹೇಳಿಸಿಕೊಂಡ ಮನೆ ನಮ್ಮ ಓಣಿಯಲ್ಲೇ ಇದೆ.

ಆರನೆಯದು: ಗ್ಯಾಸು ನಿಜವಾಗಿ ಹೋಗಿದ್ದರೆ

ಹೋಗುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಲಕ್ಷಣಗಳು ಹೀಗೆ: ಫಿಲ್ಟರ್ ಸ್ವಚ್ಛವಿದೆ, ಹೊರಗಿನ ಫ್ಯಾನೂ ಕಂಪ್ರೆಸರೂ ಓಡುತ್ತಿವೆ, ಆದರೂ ಒಳಗಿನ ಸುರುಳಿಯ ಒಂದು ಮೂಲೆ ಮಾತ್ರ ತಣ್ಣಗಿದೆ, ಹೊರಗಿನ ಯುನಿಟ್‌ನ ತೆಳು ಕೊಳವೆಯ ನಟ್ಟಿನ ಬಳಿ ಮಂಜು ಕಟ್ಟಿದೆ, ಜೋಡಣೆಯ ಸುತ್ತ ಎಣ್ಣೆಜಿಡ್ಡಿನ ಮೇಲೆ ಧೂಳು ಅಂಟಿದೆ. ಈ ಕೊನೆಯದು ಬಲವಾದ ಸಾಕ್ಷಿ, ಏಕೆಂದರೆ ಗ್ಯಾಸಿನೊಡನೆ ಕಂಪ್ರೆಸರಿನ ಎಣ್ಣೆಯೂ ಸುತ್ತುತ್ತದೆ, ಸೋರುವಲ್ಲಿ ಅದೂ ಸ್ವಲ್ಪ ಹೊರಬರುತ್ತದೆ.

ಈಗ ಮೆಕ್ಯಾನಿಕ್ ಮುಂದೆ ನೀವು ಕೇಳಬೇಕಾದದ್ದು ನಾಲ್ಕು ಮಾತು. ಜಗಳದ ಧ್ವನಿ ಬೇಡ, ಚಹಾ ಕೊಟ್ಟೇ ಕೇಳಿ. ‘ಎಲ್ಲಿ ಸೋರುತ್ತಿದೆ, ತೋರಿಸು ತಮ್ಮಾ.’ ನೈಟ್ರೋಜನ್ ತುಂಬಿ ಒತ್ತಡ ಕೊಟ್ಟು, ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಅಂಕೋಲೆಯ ಹುಡುಗ ಇನ್ನೊಂದು ವರ್ಷ ಇದನ್ನು ನಮ್ಮದೇ ಯಂತ್ರದ ಮೇಲೆ ಮಾಡಿದಾಗ ಅತ್ತೆಯೂ ಕನ್ನಡಕ ಹಾಕಿಕೊಂಡು ಬಂದು ನೋಡಿದರು. ಸಾಸಿವೆಯಷ್ಟು ಗುಳ್ಳೆ, ಒಡೆಯುತ್ತದೆ, ಮತ್ತೆ ಅದೇ ಜಾಗದಲ್ಲಿ ಏಳುತ್ತದೆ. ನಟ್ಟು ಸಡಿಲವಾಗಿತ್ತು. ಒತ್ತಡ ಕೊಡಲು ಆಕ್ಸಿಜನ್ ಸಿಲಿಂಡರ್ ತಂದವನನ್ನು ಮಾತ್ರ ಆಗಲೇ ತಡೆಯಿರಿ, ಒಳಗಿನ ಎಣ್ಣೆಗೆ ಅದು ಸೇರಿದರೆ ಸ್ಫೋಟವಾಗುತ್ತದೆ.

ಎರಡನೆಯ ಮಾತು: ‘ವ್ಯಾಕ್ಯೂಮ್ ಪಂಪ್ ತಂದಿದ್ದೀಯಾ?’ ಕೊಳವೆಯೊಳಗಿನ ಗಾಳಿ, ತೇವವನ್ನು ಹೀರಿ ತೆಗೆಯುವುದು ಅದರ ಕೆಲಸ. ಅವು ಉಳಿದರೆ ಎಣ್ಣೆಯೊಡನೆ ಸೇರಿ ಆಮ್ಲವಾಗಿ ಕಂಪ್ರೆಸರನ್ನು ಒಳಗಿಂದ ತಿನ್ನುತ್ತದೆ. ನಮ್ಮ ಊರಿನ ಗಾಳಿಯಲ್ಲಿ ಎಷ್ಟು ತೇವವಿದೆ ಎಂದು ಉಪ್ಪಿನ ಡಬ್ಬಿಯನ್ನು ಕೇಳಿ. ಕನಿಷ್ಠ ಇಪ್ಪತ್ತು ಮೂವತ್ತು ನಿಮಿಷ ಪಂಪ್ ಓಡಬೇಕು, ನಿಲ್ಲಿಸಿದ ಮೇಲೆ ಒತ್ತಡ ತೋರಿಸುವ ಗೇಜಿನ ಮುಳ್ಳು ಅಲುಗದೆ ನಿಲ್ಲಬೇಕು. ಸ್ವಲ್ಪ ಗ್ಯಾಸನ್ನೇ ಬಿಟ್ಟು ಗಾಳಿಯನ್ನು ಹೊರದಬ್ಬುವುದು ಅಡ್ಡದಾರಿ.

ಮೂರನೆಯದು: ‘ತೂಕ ಎಷ್ಟು?’ ಹೊರಗಿನ ಯುನಿಟ್‌ನ ಪಟ್ಟಿಯಲ್ಲಿ ಗ್ಯಾಸಿನ ಹೆಸರು, ಗ್ರಾಂ ಲೆಕ್ಕದ ಪ್ರಮಾಣ ಎರಡೂ ಬರೆದಿರುತ್ತವೆ. ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು ತುಂಬಬೇಕು. ಕಂಪ್ರೆಸರಿನ ವೇಗವೇ ಏರಿಳಿಯುವ ಇನ್ವರ್ಟರ್ ಎ.ಸಿ.ಯಲ್ಲಿ ಬರೀ ಗೇಜಿನ ಮುಳ್ಳು ನೋಡಿ ತುಂಬುವುದು ಅಂದಾಜಿನ ಅಡುಗೆ. ನಾಲ್ಕನೆಯದು ಗ್ಯಾಸಿನ ಜಾತಿ. ಹಳೆಯ ಯಂತ್ರಗಳಲ್ಲಿ ಆರ್-22, ನಡುವಿನವುಗಳಲ್ಲಿ ಆರ್-410ಎ, ಈಚಿನ ಹೆಚ್ಚಿನವುಗಳಲ್ಲಿ ಆರ್-32. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಆರ್-22 ಓಝೋನ್ ಪದರಕ್ಕೆ ಹಾನಿಯೆಂದು 1987ರ ಮಾಂಟ್ರಿಯಲ್ ಒಪ್ಪಂದದ ದಾರಿಯಲ್ಲಿ ಹಂತ ಹಂತವಾಗಿ ಹಿಂದೆ ಸರಿಯುತ್ತಿದೆ. ಆರ್-32 ಮೆಲ್ಲಗೆ ಹೊತ್ತಿಕೊಳ್ಳುವ ಗುಣವುಳ್ಳದ್ದು. ಅದು ತುಂಬುವಾಗ ಕಿಟಕಿ ತೆರೆದಿರಲಿ, ದೇವರ ಮುಂದಿನ ದೀಪವೂ ಆರಿರಲಿ, ಬೀಡಿ ಸೇದುವವರು ರಸ್ತೆಗೆ ಹೋಗಲಿ.

ಕೆಲಸ ಮುಗಿಯಿತು ಎಂದಾಗ ಹಣ ಕೊಡುವ ಮೊದಲು ಸಾಮಾನ್ಯ ಥರ್ಮಾಮೀಟರ್ ಒಂದನ್ನು, ಜ್ವರ ನೋಡುವುದಲ್ಲ, ಗೋಡೆಗೆ ಹಾಕುವಂಥದ್ದು, ಮೊದಲು ಗಾಳಿ ಒಳಗೆ ಹೋಗುವ ಮೇಲ್ಭಾಗದಲ್ಲಿ, ಆಮೇಲೆ ಗಾಳಿ ಹೊರಬರುವ ಬಾಯಿಯಲ್ಲಿ ಹಿಡಿಯಿರಿ. ಹದಿನೈದು ನಿಮಿಷ ಓಡಿದ ಬಳಿಕ 8ರಿಂದ 12 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಬಂದರೆ ಯಂತ್ರ ಕೆಲಸ ಮಾಡುತ್ತಿದೆ. ತೀರಾ ಸೆಕೆಯ ದಿನ ಸ್ವಲ್ಪ ಕಡಿಮೆ ಬರಬಹುದು.

ಯಾರನ್ನು ಕರೆಯುವುದು, ಏನನ್ನು ಬರೆಸಿಕೊಳ್ಳುವುದು

ವಾರಂಟಿ ಇದ್ದರೆ ಕಂಪನಿಗೇ ಫೋನು ಮಾಡಿ. ಹೊರಗಿನವರು ಬಿಚ್ಚಿದರೆ ಅದೇ ನೆಪವಾಗಿ ವಾರಂಟಿ ಹೋಗಬಹುದು. ಇಡೀ ಯಂತ್ರಕ್ಕೆ ಸಾಮಾನ್ಯವಾಗಿ ಒಂದು ವರ್ಷವಾದರೂ ಕಂಪ್ರೆಸರಿಗೆ ಹೆಚ್ಚು ವರ್ಷ ಇರುತ್ತದೆ, ಎಷ್ಟೋ ಜನ ಇದನ್ನು ಮರೆತು ದುಡ್ಡು ಕೊಟ್ಟಿದ್ದಾರೆ. ಕರೆ ಮಾಡುವಾಗ ಮಾದರಿ ಸಂಖ್ಯೆ, ಸೀರಿಯಲ್ ಸಂಖ್ಯೆ, ಕೊಂಡ ರಸೀದಿ, ಮೊದಲು ಬರೆದುಕೊಂಡ ಚೀಟಿ ಕೈಯಲ್ಲಿರಲಿ. ವಾರಂಟಿ ಮುಗಿದಿದ್ದರೆ ನನ್ನ ಒಲವು ಊರಿನ ಮೆಕ್ಯಾನಿಕ್ ಕಡೆಗೆ: ಉಪ್ಪಿನ ರೋಗ ಅವನಿಗೆ ಗೊತ್ತು, ಮತ್ತೆ ಕೆಟ್ಟರೆ ಸಂತೆಯಲ್ಲಿ ಮುಖ ತಪ್ಪಿಸಲಾರ. ಬದಲಿಸಿದ ಹಳೆಯ ಬಿಡಿಭಾಗವನ್ನು ಕೇಳಿ ಪಡೆಯಿರಿ. ರಸೀದಿಯಲ್ಲಿ ಏನು ಬದಲಿಸಿದ್ದು, ಎಷ್ಟು ಗ್ರಾಂ ತುಂಬಿದ್ದು, ಎಷ್ಟು ದಿನದ ಖಾತರಿ ಎಂದು ಬರೆಸಿ.

ಮೋಸವಾಗಿದೆ ಎನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಕಾರವಾರದಲ್ಲೇ ಇದೆ. 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ರಸೀದಿ ಇಲ್ಲದೆ ಹೋದರೆ ಹೇಳಿಕೊಳ್ಳಲು ಬಾಯಿ ಮಾತ್ರ ಇರುತ್ತದೆ.

ರಿಪೇರಿಯೋ, ಹೊಸದೋ

ಐದು ವರ್ಷದೊಳಗಿನದು ಯಾವುದಿದ್ದರೂ ರಿಪೇರಿ ಮಾಡಿಸಿ. ಒಳಗಿನ ಸುರುಳಿಯಲ್ಲಿ ಸೂಜಿ ತೂತು ಬಿದ್ದರೆ ಒಮ್ಮೆ ಬೆಸುಗೆ ಹಾಕಿಸಬಹುದು. ಎರಡನೆಯ ಸಲ ಬಿದ್ದರೆ ಕೊಳವೆಯೇ ತೆಳುವಾಗಿದೆ, ಬೆಸುಗೆ ಹಿಂಬಾಲಿಸುತ್ತಾ ಹೋಗಬೇಡಿ. ಎಂಟು ಹತ್ತು ವರ್ಷದ, ಕಡಲಿಗೆ ಮುಖಮಾಡಿದ, ಆರ್-22ರ ಯಂತ್ರದ ಕಂಪ್ರೆಸರ್ ಹೋದರೆ ಋಣ ತೀರಿತು ಎಂದುಕೊಳ್ಳಿ. ಹೊಸದನ್ನು ಕೊಳ್ಳುವಾಗ ಸುರುಳಿ ತಾಮ್ರದ್ದೇ, ಎಸಳಿಗೆ ತುಕ್ಕು ತಡೆಯುವ ಲೇಪವಿದೆಯೇ ಎಂದು ಕೇಳಿ. ಹೊರಗಿನ ಯುನಿಟ್ಟನ್ನು ಸಾಧ್ಯವಾದರೆ ಪೂರ್ವದ ಗೋಡೆಗೆ ಹಾಕಿಸಿ, ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ. ಹಳೆಯದನ್ನು ಗುಜರಿಯವನು ಅಂಗಳದಲ್ಲೇ ಕೊಳವೆ ಕತ್ತರಿಸಿ ಗ್ಯಾಸು ಬಿಡಲು ಹೊರಟರೆ ಬೇಡವೆನ್ನಿ, ಹೊಸದು ಮಾರುವ ಅಂಗಡಿಯವರಿಗೇ ವಿನಿಮಯಕ್ಕೆ ಕೊಡಿ.

ಮೆಕ್ಯಾನಿಕ್ ಬರುವವರೆಗಿನ ರಾತ್ರಿಗಳು

ನೀರು ಹಾಕುವ ಕೂಲರ್ ತರಲು ಓಡಬೇಡಿ. ಒಣ ಊರಿನಲ್ಲಿ ಅದು ವರ, ಇಲ್ಲಿ ತೇವದ ಮೇಲೆ ತೇವ. ಒದ್ದೆ ಪರದೆಯೂ ಅಷ್ಟೇ. ಹಗಲು ಕಡಲಿನಿಂದ ಬೀಸುವ ಗಾಳಿ ರಾತ್ರಿ ತಿರುಗಿ ನೆಲದಿಂದ ಕಡಲಿಗೆ ಹೋಗುತ್ತದೆ. ತಡರಾತ್ರಿ ಪೂರ್ವದ ಕಿಟಕಿ ತೆರೆದು, ಪಶ್ಚಿಮದ ಕಿಟಕಿಯ ಬಳಿ ಟೇಬಲ್ ಫ್ಯಾನನ್ನು ಹೊರಮುಖ ಮಾಡಿಟ್ಟರೆ ಕೋಣೆ ಸ್ವಲ್ಪ ಸಡಿಲವಾಗುತ್ತದೆ. ತಾರಸಿಯ ಕೆಳಗಿನ ಕೋಣೆ ಬಿಟ್ಟು ಹಂಚಿನ ಮಾಡಿನ ಜಗಲಿಯಲ್ಲಿ ಮಲಗಿ. ವಯಸ್ಸಾದವರಿಗೆ, ಮಕ್ಕಳಿಗೆ ಮುರುಗಲು ಶರಬತ್ತು, ಗಂಜಿತಿಳಿ ಆಗಾಗ ಕೊಡಿ. ಮೈ ಸುಡುತ್ತಾ ಮಾತು ತೊದಲಿದರೆ, ಗೊಂದಲಕ್ಕೊಳಗಾದರೆ ಮೈಗೆ ತಣ್ಣೀರು ಹಾಕುತ್ತಲೇ 108ಕ್ಕೆ ಕರೆ ಮಾಡಿ. ನಮಗೆ ಶಿರಸಿಯಲ್ಲಿ ನಾದಿನಿ ಇದ್ದಾಳೆ. ಪ್ರತಿ ಮೇ ತಿಂಗಳೂ ‘ಆ ಪೆಟ್ಟಿಗೆ ಕಟ್ಟಿಟ್ಟು ದೇವಿಮನೆ ಘಟ್ಟ ಹತ್ತಿ ಬನ್ನಿ’ ಎಂದು ಚುಚ್ಚುತ್ತಾಳೆ. ಕಳೆದ ಬೇಸಿಗೆಯಲ್ಲಿ ಅವಳ ಮನೆಗೂ ಒಂದು ಬಂದಿದೆ, ಅದನ್ನು ನಾನು ಕಂಡ ಮೇಲೆ ಚುಚ್ಚುವುದು ನಿಂತಿದೆ.

ಮಳೆಗೆ ಮುಂಚೆ

ಮೇ ಕೊನೆಗೆ ಗುಡುಗು ಶುರುವಾದರೆ ಪ್ಲಗ್ಗನ್ನೇ ಕಿತ್ತಿಡಿ, ಸಿಡಿಲಿಗೆ ಸ್ಟೆಬಿಲೈಸರ್ ಯಾವ ಲೆಕ್ಕ? ಹೊರಗಿನ ಯುನಿಟ್ ಮಳೆಗೆ ನೆನೆಯಲೆಂದೇ ಮಾಡಿದ್ದು. ಅದನ್ನು ತಾಡಪಾಲಿನಲ್ಲಿ ಬಿಗಿದರೆ ಒಳಗೆ ತೇವ ಕಟ್ಟಿ ತುಕ್ಕು ಹೆಚ್ಚುತ್ತದೆ, ಇಲಿ ಬೆಚ್ಚಗೆ ಮರಿ ಹಾಕಿ ತಂತಿ ಕಡಿಯುತ್ತದೆ, ಮರೆತು ಚಾಲೂ ಮಾಡಿದರೆ ಕಂಪ್ರೆಸರಿಗೆ ಉಸಿರಿಲ್ಲ. ಮೇಲೆ ಒಂದು ತಗಡಿನ ಮರೆ ಸಾಕು, ಬದಿಗಳು ತೆರೆದಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎ.ಸಿ.ಯನ್ನು ಪೂರ್ತಿ ಆರಿಸಿಡಬೇಡಿ. ಹತ್ತು ಹದಿನೈದು ದಿನಕ್ಕೊಮ್ಮೆ, ಮಳೆ ಹೊಳವಾದಾಗ, ಅರ್ಧ ತಾಸು ತಂಪಿಗೆ ಹಾಕಿ ಆಮೇಲೆ ಅರ್ಧ ತಾಸು ಬರೀ ಫ್ಯಾನಿನಲ್ಲಿ ಓಡಿಸಿ. ಫ್ಯಾನ್ ಸುರುಳಿಯನ್ನು ಒಣಗಿಸುತ್ತದೆ, ಬೂಷ್ಟು ಏಳುವುದಿಲ್ಲ. ನೀರಿನ ಪೈಪಿನ ಬಾಯಿಗೆ ಸೊಳ್ಳೆಪರದೆಯ ತುಂಡೊಂದನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಕಣಜ ಒಳಗೆ ಹೋಗುವುದಿಲ್ಲ. ತಿಂಗಳಿಗೊಮ್ಮೆ ಬಿಚ್ಚಿ ತೊಳೆಯದಿದ್ದರೆ ಆ ಪರದೆಯೇ ಕಟ್ಟಿಕೊಂಡು, ಬಾಲ್ದಿ ಮತ್ತೆ ಕೋಣೆಗೆ ಬರುತ್ತದೆ.